ಹೊಸಿಲಿಲ್ಲದ ಬಾಗಿಲು

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಶಾಲೆಯಲ್ಲಿ ಎಲ್ಲರೂ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ವರ್ಷಗಟ್ಟಲೆ ಬಿಸಿಯೂಟದ ಅಡುಗೆಮನೆಯ ಪಕ್ಕದ ಓಣಿಯಿಂದ, ಈರುಳ್ಳಿ ಸಿಪ್ಪೆಯನ್ನೂ ಅಕ್ಕಿ ತೊಳೆದ ನೀರನ್ನೂ ದಾಟಿಕೊಂಡು ಕೆಲಸಕ್ಕೆ ಹೋಗಿ ನೋಡಿ. ಆಮೇಲೆ ನಿಮ್ಮ ಕೋಪ ಎಲ್ಲಿರುತ್ತದೆ ಹೇಳಿ.

ನಾನು ಸುಮನಾ. ಭದ್ರಾವತಿಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಿವಮೊಗ್ಗ ರಸ್ತೆಯಲ್ಲಿ ಒಂದು ಲಾರಿ ನನ್ನ ಸ್ಕೂಟಿಗೆ ಗುದ್ದಿದ ಮೇಲೆ ಸೊಂಟದ ಕೆಳಗಿನ ಮೈ ನನ್ನ ಮಾತು ಕೇಳುವುದಿಲ್ಲ. ಗಾಲಿಕುರ್ಚಿಯಲ್ಲಿ ಓಡಾಡುತ್ತೇನೆ. ಇಷ್ಟು ಹೇಳಿದ ಕೂಡಲೇ ಜನ ತಲೆ ಒಂದು ಕಡೆಗೆ ವಾಲಿಸಿ 'ಅಯ್ಯೋ' ಎನ್ನುತ್ತಾರೆ. ದಯವಿಟ್ಟು ಅನ್ನಬೇಡಿ. ಅಯ್ಯೋ ಅನ್ನಬೇಕಾದ್ದು ನಮ್ಮ ಶಾಲೆಯ ಕಟ್ಟಡಗಳನ್ನು ನೋಡಿ.

ಕಟ್ಟಡಗಳು ಎರಡು. ಮೇಲಿನದು ಊರಿನ ಕಾರ್ಖಾನೆಗಳು ಹಗಲೂ ರಾತ್ರಿ ಹೊಗೆ ಬಿಡುತ್ತಿದ್ದ ಕಾಲದ್ದು: ಹೆಂಚಿನ ಮಾಡು, ದಪ್ಪ ಗೋಡೆ, ಎದೆಮಟ್ಟದ ಕಲ್ಲಿನ ತಳಪಾಯ, ಅದನ್ನು ಹತ್ತಲು ಕಡಿದಾದ ಮೆಟ್ಟಿಲು. ಮುಖ್ಯೋಪಾಧ್ಯಾಯರ ಕೋಣೆ, ಲ್ಯಾಬು, ಲೈಬ್ರರಿ, ಹತ್ತನೇ ತರಗತಿ ಎಲ್ಲ ಅಲ್ಲೇ. ಕೆಳಗಿನದು ಆಮೇಲೆ ಕಟ್ಟಿದ ಆರ್‌ಸಿಸಿ ಡಬ್ಬ. ಎಂಟು, ಒಂಬತ್ತನೇ ತರಗತಿಗಳು ಅದರಲ್ಲಿ. ಎರಡರ ನಡುವೆ ಒಂದು ಚರಂಡಿ, ಮುರಿದ ಬೆಂಚುಗಳ ರಾಶಿ, ಒಂದು ಹೊಂಗೆ ಮರ. ಕೆಳಗಿನ ಕಟ್ಟಡಕ್ಕೆ ಅಡುಗೆಮನೆ ಕಡೆಯ ಹಿಂದಿನ ಗೇಟಿನಿಂದ ಮೆಟ್ಟಿಲಿಲ್ಲದೆ ಹೋಗಬಹುದು. ಹೀಗಾಗಿ ಅಪಘಾತದ ನಂತರ ನಾನು ಹತ್ತನೇ ತರಗತಿಗೆ ಪಾಠ ಮಾಡಿಲ್ಲ, ಲೈಬ್ರರಿಯ ಒಂದು ಪುಸ್ತಕವನ್ನೂ ನನ್ನ ಕೈಯಾರೆ ತೆಗೆದುಕೊಂಡಿಲ್ಲ.

ಮೊದಮೊದಲು ಎತ್ತಿಕೊಂಡು ಹೋಗುತ್ತಿದ್ದರು. ಸ್ವಾತಂತ್ರ್ಯ ದಿನಕ್ಕೆ, ಇನ್‌ಸ್ಪೆಕ್ಷನ್ನಿಗೆ, ಬೀಳ್ಕೊಡುಗೆಗೆ. ಇಬ್ಬರು ಚಕ್ರ ಹಿಡಿಯುತ್ತಾರೆ, ಒಬ್ಬ ಕಾಲಿಡುವ ಪಟ್ಟಿ ಹಿಡಿಯುತ್ತಾನೆ, ಏನೂ ಹಿಡಿಯದವನು 'ಹುಷಾರು, ಹುಷಾರು' ಎಂದು ಕೂಗುತ್ತಾನೆ. ಸೆರಗು ಜಾರುತ್ತಿರುತ್ತದೆ, ನಾನು ಬೆಳಗ್ಗೆ ತಾನೇ ಹೋಂವರ್ಕಿಗೆ ಬೈದ ಮಕ್ಕಳು ಸಾಲಾಗಿ ನಿಂತು ನೋಡುತ್ತಿರುತ್ತವೆ. ಇಳಿಸಿದ ಮೇಲೆ ನಾಲ್ಕು ಜನಕ್ಕೂ ನಗುತ್ತಾ ಥ್ಯಾಂಕ್ಸ್ ಹೇಳಬೇಕು. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ಒಂದು ಮೂಟೆಗೆ ಥ್ಯಾಂಕ್ಸ್ ಹೇಳುವ ಕೆಲಸ ಇರುವುದಿಲ್ಲವಲ್ಲ, ಆ ಪುಣ್ಯವೂ ನನಗಿರಲಿಲ್ಲ. ಒಂದು ದಿನ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟೆ, ಇನ್ನು ಮೇಲೆ ನನ್ನನ್ನು ಯಾರೂ ಎತ್ತಬಾರದು ಎಂದು. ಅಂದಿನಿಂದ ಮೇಲಿನ ಕಟ್ಟಡಕ್ಕೂ ನನಗೂ ಸಂಬಂಧ ಕಡಿದುಹೋಯಿತು.

ಕಳೆದ ವರ್ಷ ನಮ್ಮ ಮುಖ್ಯೋಪಾಧ್ಯಾಯರು ಮುಂದಿನ ಜೂನಿಗೆ ನಿವೃತ್ತರಾಗುತ್ತಾರೆ ಎಂದಾಯಿತು. ಸೇವಾ ಹಿರಿತನದಲ್ಲಿ ಅವರ ನಂತರ ನಾನೇ. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರು ಉಜ್ಜನಪ್ಪನವರು. ಶಾಲೆ ಶುರು ಮಾಡಿದ್ದು ಅವರ ತಂದೆ. ಕೆಟ್ಟ ಮನುಷ್ಯರೇನಲ್ಲ, ಮಾವಿನ ಹಣ್ಣಿನ ಕಾಲದಲ್ಲಿ ಸ್ಟಾಫ್ ರೂಮಿಗೆ ಬುಟ್ಟಿ ಕಳಿಸುವವರು. ಅವರು ಒಂದು ಮಧ್ಯಾಹ್ನ ಅಡುಗೆಮನೆಯ ಓಣಿ ಹಿಡಿದು, ಪಂಚೆ ಎತ್ತಿ ಹಿಡಿದು, ನನ್ನನ್ನು ಕಾಣಲು ಬಂದರು.

"ಮೇಡಂ, ನಿಮ್ಗೆ ಸುಮ್ನೆ ತೊಂದ್ರೆ. ಆಫೀಸು ಮೇಲಿದೆ. ದಿನಾ ಹತ್ತೋದು ಇಳಿಯೋದು ಹೆಂಗೆ? ನಂಗೆ ಈ ಕೆಲ್ಸ ಬೇಡ ಅಂತ ಹೇಳ್ಬಿಡಿ. ಶಿವರಾಜ್ ನೋಡ್ಕೋತಾರೆ."

ಶಿವರಾಜ್ ಸಮಾಜ ವಿಜ್ಞಾನದ ಮೇಷ್ಟರು, ನನಗಿಂತ ಚಿಕ್ಕವರು.

"ನಂಗೇನೂ ತೊಂದ್ರೆ ಇಲ್ಲ ಸರ್. ತೊಂದ್ರೆ ಇರೋದು ಮೆಟ್ಟಿಲಿಗೆ," ಎಂದೆ.

"ಅಂದ್ರೆ?"

"ಅಂದ್ರೆ ಮೆಟ್ಟಿಲು ಹೋಗ್ಬೇಕು. ನಾನು ಹೋಗಲ್ಲ."

ಅವರು ನಕ್ಕರು. ನಾನು ನಗಲಿಲ್ಲ. ನಾನು ತಮಾಷೆ ಮಾಡುತ್ತಿಲ್ಲ ಎಂದು ತಿಳಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಕೊನೆಗೆ, "ಹೆಂಗೂ ಹೊಸ ಮುಂಬಾಗ್ಲು ಕಟ್ಟಿಸ್ತಾ ಇದೀವಿ, ಅದ್ರಲ್ಲೇ ಏನಾದ್ರೂ ಮಾಡೋಣ ಬಿಡಿ. ನೀವು ಆ ಬಾಗ್ಲಿಂದ ಆಫೀಸಿಗೆ ಹೋಗಿ ಕೂರೋ ಹಂಗಾದ್ರೆ ಕೆಲ್ಸ ನಿಮ್ದೇ. ಆಗ್ಲಿಲ್ವಾ, ಶಿವರಾಜ್‌ದು. ಆಫೀಸು ಖಾಲಿ ಬಿಡೋಕಾಗಲ್ಲ ನೋಡಿ," ಎಂದು ಎದ್ದರು. ನಾನು ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೊಸ ಮುಂಬಾಗಿಲು ಎಂದರೆ ಎರಡೂ ಕಟ್ಟಡಗಳನ್ನು ಸೇರಿಸುವ ಪ್ರವೇಶದ್ವಾರ. ಶಾಲೆಯ ವಾರ್ಷಿಕೋತ್ಸವಕ್ಕೆಂದು ಹಳೆಯ ವಿದ್ಯಾರ್ಥಿಗಳು ಸೇರಿ ಕಟ್ಟಿಸಲು ಹೊರಟಿದ್ದು. ಉಜ್ಜನಪ್ಪನವರ ಮನಸ್ಸಿನಲ್ಲಿ ಅದಕ್ಕೆ ಕಮಾನು, ಎರಡು ಕಲ್ಲಾನೆ, ಅಗಲವಾದ ಮೆಟ್ಟಿಲು ಎಲ್ಲ ಇದ್ದವು. ನಕ್ಷೆ ಮಾಡಲು ಶಿವಮೊಗ್ಗದಿಂದ ಶರಣ್ಯಾ ಎಂಬ ಹುಡುಗಿಯನ್ನು ಕರೆಸಿದರು. ಆರ್ಕಿಟೆಕ್ಟ್. ರಾಗಿಗುಡ್ಡದ ಹತ್ತಿರ ಮನೆಯ ಮಹಡಿಯ ಮೇಲೆಯೇ ಆಫೀಸು. ಮಾತು ಕಡಿಮೆ, ಕಿವಿ ಚುರುಕು. ಅವಳ ಮೊದಲನೇ ನಕ್ಷೆಯಲ್ಲಿ ಕಮಾನಿತ್ತು, ಆನೆಯಿತ್ತು, ಮೆಟ್ಟಿಲಿತ್ತು. ನೀರಿನ ಟ್ಯಾಂಕಿನ ಹಿಂದೆ ಒಂದು ಮೂಲೆಯಲ್ಲಿ, ಮೋಟರ್‌ಬೈಕು ಹತ್ತಿಸುವುದಕ್ಕೆ ಹೇಳಿ ಮಾಡಿಸಿದಂಥ ಒಂದು ರ‍್ಯಾಂಪೂ ಇತ್ತು.

"ಮೇಡಂ, ನಿಮಗೋಸ್ಕರ ಇದು," ಎಂದು ಅವಳು ಆ ಮೂಲೆಯನ್ನು ತೋರಿಸಿದಳು.

"ಶರಣ್ಯಾ, ಒಂದು ಕೇಳ್ತೀನಿ. ಬೆಳಗ್ಗೆ ಗೇಟಿಂದ ಒಳಗೆ ಬರುವಾಗ ನೀನು ಏನು ಮಾಡ್ತೀಯ?"

"ಏನು ಅಂದ್ರೆ... ನಡೀತೀನಿ."

"ಬರೀ ನಡಿಯಲ್ಲ ಮಾರಾಯ್ತಿ. ಜೊತೇಲಿರೋರ ಹತ್ರ ಮಾತಾಡ್ತಾ ನಡೀತೀಯ. ನಿನ್ನೆ ಏನಾಯ್ತು, ಯಾರಿಗೆ ಮದ್ವೆ, ಯಾರ ಮಗು ಅತ್ತಿತು. ಈ ನಕ್ಷೇಲಿ ನಾನು ಯಾರ ಜೊತೆ ಮಾತಾಡ್ತಾ ಬರ್ಲಿ? ಗೇಟಲ್ಲಿ ಅವ್ರೆಲ್ಲ ಮೆಟ್ಟಿಲ ಕಡೆ, ನಾನೊಬ್ಳು ಟ್ಯಾಂಕಿನ ಹಿಂದೆ. ಆ ಮಾತಿನ ಉಳಿದ ಅರ್ಧ ಯಾರು ಹೇಳ್ತಾರೆ ನಂಗೆ?"

ಅವಳು ನಕ್ಷೆಯನ್ನು ಸುರುಳಿ ಸುತ್ತಿ ಬಗಲಿಗೆ ಸೇರಿಸಿಕೊಂಡು ಹೋದಳು. ಬೇಜಾರು ಮಾಡಿಕೊಂಡಳೇನೋ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಅನ್ನಿಸಿದರೂ ಫೋನ್ ಮಾಡಲಿಲ್ಲ. ಹೇಳಬೇಕಾದ್ದನ್ನು ಹೇಳಿದ್ದೆ.

ಎರಡು ವಾರ ಬಿಟ್ಟು ಅವಳು ತಂದ ಹೊಸ ನಕ್ಷೆಯಲ್ಲಿ ಮೆಟ್ಟಿಲೇ ಇರಲಿಲ್ಲ. ರ‍್ಯಾಂಪ್ ಎನ್ನುವಂಥದ್ದೂ ಇರಲಿಲ್ಲ. ಗೇಟಿನಿಂದ ಅಂಗಳದ ನೆಲವೇ ನಿಧಾನವಾಗಿ, ಹೊಂಗೆ ಮರವನ್ನು ಬಳಸಿಕೊಂಡು, ಇಪ್ಪತ್ತಡಿ ಮುಂದೆ ಹೋದರೆ ಒಂದಡಿ ಮೇಲೇರುವ ಹಾಗೆ ಏರುತ್ತಾ ಏರುತ್ತಾ ಮೇಲಿನ ಕಟ್ಟಡದ ನೆಲಕ್ಕೆ ಸಮವಾಗುತ್ತಿತ್ತು. ಅಲ್ಲಿ ಬಾಗಿಲು. ಬಾಗಿಲ ಒಳಗೆ ಎಡಕ್ಕೆ ಹಳೆಯ ಕಟ್ಟಡ, ಬಲಕ್ಕೆ ಒಂದು ಉದ್ದನೆಯ ಪಡಸಾಲೆ ಅಷ್ಟೇ ನಿಧಾನವಾಗಿ ಕೆಳಗಿನ ಕಟ್ಟಡಕ್ಕೆ ಇಳಿಯುತ್ತಿತ್ತು. ಮಕ್ಕಳು, ಮೇಷ್ಟರು, ಅಡುಗೆಯ ಗಾಡಿ, ಅಧ್ಯಕ್ಷರು, ನಾನು, ಎಲ್ಲರಿಗೂ ಅದೊಂದೇ ದಾರಿ. ನಾನು ಆ ಹಾಳೆಯ ಮೇಲೆ ಗೇಟಿನಿಂದ ಆಫೀಸಿನವರೆಗೆ ಬೆರಳು ಎಳೆದುಕೊಂಡು ಹೋದೆ. ಬೆರಳು ಎಲ್ಲೂ ನಿಲ್ಲಲಿಲ್ಲ. ನನಗೆ ಅಳು ಬಂತು, ಅದನ್ನು ಅವಳಿಗೆ ತೋರಿಸದೆ ಅಳತೆಯಲ್ಲಿ ಒಂದು ತಪ್ಪು ಹುಡುಕಿ ಹೇಳಿದೆ.

ಮಂಡಳಿಯ ಸಭೆಯಲ್ಲಿ ಉಜ್ಜನಪ್ಪನವರು ನಕ್ಷೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಮೆಟ್ಟಿಲೇ ಇಲ್ದಿದ್ರೆ ಒಂದು ಗಾಂಭೀರ್ಯ ಅನ್ನೋದು ಬೇಡ್ವಾ?"

ಶರಣ್ಯಾ ಮೆಲ್ಲಗೆ ಕೇಳಿದಳು, "ಸರ್, ಸೋಗಾನೆ ಏರ್‌ಪೋರ್ಟ್ ನೋಡಿದೀರಲ್ಲ?"

ನೋಡದೆ ಇರುತ್ತಾರೆಯೇ. ಶುರುವಾದ ಹೊಸದರಲ್ಲಿ ಮನೆ ಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗಿ, ವಿಮಾನ ಹತ್ತದಿದ್ದರೂ ಬಾಗಿಲ ಮುಂದೆ ಫೋಟೋ ತೆಗೆಸಿಕೊಂಡು ಬಂದವರು ಅವರು.

"ಅಲ್ಲಿ ಬಾಗ್ಲಿಗೆ ಮೆಟ್ಟಿಲಿದ್ಯಾ ಸರ್? ಇಲ್ಲೂ ಹಾಗೇ. ಮಿನಿಸ್ಟರ್ ಬಂದ್ರೆ ಕಾರು ಸೀದಾ ಬಾಗ್ಲ ತನಕ ಬರುತ್ತೆ."

ಕಾರು ಬಾಗಿಲ ತನಕ ಬರುತ್ತದೆ ಎಂಬ ಒಂದು ಮಾತಿಗೆ ನಕ್ಷೆ ಪಾಸಾಯಿತು. ನನ್ನ ಹತ್ತು ವರ್ಷದ ವಾದಕ್ಕಿಂತ ಬರದ ಮಿನಿಸ್ಟರ ಕಾರಿಗೆ ಬೆಲೆ ಜಾಸ್ತಿ. ಇರಲಿ, ದಾರಿ ಆಗುವುದು ಮುಖ್ಯ ಎಂದು ಹಲ್ಲು ಕಚ್ಚಿಕೊಂಡು ಸುಮ್ಮನಾದೆ.

ಬೇಸಿಗೆ ರಜೆಯಲ್ಲಿ ಕೆಲಸ ಜೋರಾಗಿ ನಡೆಯಿತು. ನನ್ನ ಗಂಡ ಹಾಲೇಶ್ ದಿನ ಬಿಟ್ಟು ದಿನ ಕಾರಿನಲ್ಲಿ ಕರೆದುಕೊಂಡು ಬರುತ್ತಿದ್ದರು, ನಾನು ಗೇಟಿನ ಹತ್ತಿರ ಕೂತು ಮಣ್ಣು ಏರುವುದನ್ನು ನೋಡುತ್ತಿದ್ದೆ. ಜೂನ್ ಕೊನೆಗೆ ಮುಖ್ಯೋಪಾಧ್ಯಾಯರು ಹಾರ ಹಾಕಿಸಿಕೊಂಡು ಹೋದರು. ಶ್ರಾವಣದ ಒಂದು ಶುಕ್ರವಾರ ಹೊಸ ಬಾಗಿಲಿನ ಪ್ರವೇಶ, ಅದೇ ದಿನ ಅದೇ ಬಾಗಿಲಿನಿಂದ ಹೋಗಿ ನಾನು ಚಾರ್ಜ್ ತೆಗೆದುಕೊಳ್ಳುವುದು ಎಂದು ನಿಶ್ಚಯವಾಯಿತು. ಆ ವಾರದ ಮೊದಲ ದಿನಗಳು ನನಗೆ ಶಿವಮೊಗ್ಗದಲ್ಲಿ ತರಬೇತಿ. ಮುಗಿಸಿಕೊಂಡು ಗುರುವಾರ ಮಧ್ಯಾಹ್ನ ಶಾಲೆಗೆ ಬಂದೆ. ಗೇಟಿನಿಂದ ಹೊಂಗೆ ಮರ ಬಳಸಿ ಒಬ್ಬಳೇ ಚಕ್ರ ತಳ್ಳಿಕೊಂಡು ಏರಿದೆ, ಉಸಿರು ಕೂಡ ಹೆಚ್ಚಾಗಲಿಲ್ಲ. ಬಾಗಿಲ ಮುಂದೆ ಹೋಗಿ ನಿಂತೆ.

ಬಾಗಿಲ ಚೌಕಟ್ಟು ನಿಂತಿತ್ತು. ಒಳ್ಳೆಯ ತೇಗ. ಮೇಲೆ ಮಾವಿನ ತೋರಣ. ಕೆಳಗೆ, ನೆಲದಿಂದ ಅಂಗೈ ಅಗಲದಷ್ಟು ಎತ್ತರಕ್ಕೆ, ಅರಿಸಿನ ಬಳಿದು ಕುಂಕುಮ ಇಟ್ಟ ದಪ್ಪ ಹೊಸಿಲು.

ನನ್ನ ಮುಂದಿನ ಚಿಕ್ಕ ಚಕ್ರ ಅದಕ್ಕೆ ತಾಗಿ ಟಕ್ ಎಂದು ನಿಂತಿತು. ಮೈಯೆಲ್ಲ ಉರಿದುಹೋಯಿತು.

ಬಡಗಿ ಕರಿಯಣ್ಣ ಅಲ್ಲೇ ಬಾಗಿಲಿಗೆ ತಿರುಗುಣಿ ಕೂರಿಸುತ್ತಿದ್ದ. ಕೇಳಿದರೆ ಅವನಿಗೇ ಆಶ್ಚರ್ಯ. "ಹೊಸ್ಲು ಬ್ಯಾಡ ಅಂತ ಯಾರು ಹೇಳಿದ್ರಮ್ಮ? ನಕ್ಷೇಲಿ ಅದೇನೋ ಇಂಗ್ಲಿಷಲ್ಲಿ ಬರ್ದಿತ್ತು, ನಂಗೆ ಅಳತೆ ಸಾಕು ಅಂತ ಅಳತೆ ನೋಡ್ದೆ. ಮುಂಬಾಗ್ಲು ಅಂದ್ಮೇಲೆ ಹೊಸ್ಲು ಇರ್ದೆ ಇರ್ತದಾ?"

ಶರಣ್ಯಾ ನಕ್ಷೆಯಲ್ಲಿ 'ಝೀರೋ ತ್ರೆಶೋಲ್ಡ್', ಅಂದರೆ ಹೊಸಿಲಿಲ್ಲ, ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಅಷ್ಟು ಸಭೆಗಳಾದವು, ಮೆಟ್ಟಿಲಿನ ಬಗ್ಗೆ, ಕಾರಿನ ಬಗ್ಗೆ, ಆನೆಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದೆವು. ಹೊಸಿಲು ಎಂಬ ಮಾತು ಒಬ್ಬರ ಬಾಯಲ್ಲೂ ಬರಲಿಲ್ಲ. ಬೇಡ ಎನ್ನಬೇಕು ಎಂದು ನಮಗೆ ಹೊಳೆಯಲಿಲ್ಲ, ಬೇಡವಂತೆ ಎಂದು ಅವರಿಗೆ ಹೊಳೆಯಲಿಲ್ಲ. ಹಿಂದಿನ ದಿನವೇ ಉಜ್ಜನಪ್ಪನವರ ತಾಯಿ ಕಲ್ಲಮ್ಮನವರು ಬಂದು, ಹೊಸಿಲಿನ ಅಡಿ ನವಧಾನ್ಯ ಇಡಿಸಿ, ಚೌಕಟ್ಟು ನಿಲ್ಲಿಸುವ ಪೂಜೆಯನ್ನೂ ಮುಗಿಸಿ ಹೋಗಿದ್ದರು.

ಫೋನ್ ಮಾಡಿದೆ. ಅರ್ಧ ಗಂಟೆಯಲ್ಲಿ ಉಜ್ಜನಪ್ಪನವರು ಬಂದರು, ಶಿವಮೊಗ್ಗದಿಂದ ಶರಣ್ಯಾ ಓಡೋಡಿ ಬಂದಳು.

"ಹೊಸ್ಲಿಲ್ಲದ್ದು ಬಚ್ಚಲು ಬಾಗ್ಲು ಮೇಡಂ. ಇದು ಸರಸ್ವತಿ ಮನೆ," ಎಂದರು ಉಜ್ಜನಪ್ಪ.

"ಸರ್, ಏರ್‌ಪೋರ್ಟಲ್ಲಿ..." ಎಂದಳು ಶರಣ್ಯಾ.

"ಅದು ಸರ್ಕಾರದ್ದಮ್ಮ. ಸರ್ಕಾರಕ್ಕೆ ಲಕ್ಷ್ಮಿನೂ ಬೇಡ, ಸರಸ್ವತಿನೂ ಬೇಡ."

ಶರಣ್ಯಾ ಇನ್ನೊಂದು ದಾರಿ ಹೇಳಿದಳು: ನೆಲ ಕೆತ್ತಿ ಹೊಸಿಲನ್ನು ಅದರೊಳಗೆ ಸಮನಾಗಿ ಹುದುಗಿಸಿದರೆ ಶಾಸ್ತ್ರವೂ ಉಳಿಯಿತು, ಚಕ್ರವೂ ಹೋಯಿತು. ಒಂದು ಕ್ಷಣ ನನಗೂ ಆಸೆಯಾಯಿತು. ಉಜ್ಜನಪ್ಪನವರು ಎರಡೂ ಕೆನ್ನೆ ಬಡಿದುಕೊಂಡರು. "ಪೂಜೆ ಮಾಡಿರೋ ಹೊಸ್ಲನ್ನ ದಿನಾ ಮುನ್ನೂರು ಮಕ್ಳು ತುಳ್ಕೊಂಡು ಹೋಗೋದಾ? ಶಿವಶಿವಾ!" ಅದೂ ನಿಜವೇ. ಎತ್ತರವಿದ್ದರೆ ನಾನು ದಾಟಲಾರೆ, ಸಮವಿದ್ದರೆ ಯಾರೂ ತುಳಿಯಬಾರದು.

"ಒಂದು ಹಲಗೆ ಮಾಡಿಸೋಣ. ನೀವು ಬಂದಾಗ ಪ್ಯೂನ್ ಹಾಕ್ತಾನೆ, ಹೋದ್ಮೇಲೆ ತೆಗೀತಾನೆ," ಎಂದರು.

"ಪ್ಯೂನ್ ರಜಾ ಹಾಕಿದ ದಿನ ನಾನೂ ರಜಾ ಹಾಕ್ಲಾ ಸರ್?"

"ನಾಳೆ ಒಂದಿನ ಸುಧಾರಿಸ್ಕೊಳಿ. ನಮ್ ಮಂಡ್ಳಿಯೋರೇ ಎತ್ಕೊಂಡು ದಾಟಿಸ್ತಾರೆ. ಪೇಪರ್‌ನೋರು ಬರ್ತಾರೆ. ಅಂಗವಿಕಲ ಮುಖ್ಯೋಪಾಧ್ಯಾಯಿನೀನ ಆಡಳಿತ ಮಂಡ್ಳಿ ಹೊತ್ಕೊಂಡು ಒಳಗೆ ಕರ್ಕೊಂಡ್ ಹೋಯ್ತು ಅಂತ ಒಳ್ಳೆ ಫೋಟೋ ಆಗುತ್ತೆ."

ಅವರ ಮುಖದಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ, ನನಗೆ ದೊಡ್ಡ ಗೌರವ ಕೊಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು. ನಾನು ಕುರ್ಚಿ ತಿರುಗಿಸಿ ಗೇಟಿನ ಕಡೆ ಇಳಿದೆ. ಕಾರಿನಲ್ಲಿ ಹಾಲೇಶ್ ಮೆಲ್ಲಗೆ, "ಒಂದು ಸಲ ಎತ್ಲಿ ಬಿಡೇ. ಚಾರ್ಜ್ ತಗೊಂಡ್ಮೇಲೆ ನಿಂದೇ ರಾಜ್ಯ, ಆಮೇಲೆ ಕೊಯ್ಸಿಹಾಕು," ಎಂದರು.

"ಮೂಟೆ ಥರ ಒಳಗೆ ಹೋದೋಳ ಮಾತು ಅಲ್ಲಿ ಯಾರು ಕೇಳ್ತಾರ್ರೀ?" ಎಂದೆ. ಅವರು ಗೇರು ಬದಲಾಯಿಸಿದರು.

ಶುಕ್ರವಾರ ಬೆಳಗ್ಗೆ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆಯನ್ನೇ ಉಟ್ಟೆ. ಅಂಗಳದಲ್ಲಿ ಶಾಮಿಯಾನ, ಮೈಕು, ಸಾಲಾಗಿ ಮಕ್ಕಳು. ಹತ್ತೂವರೆಗೆ ರಾಹುಕಾಲ, ಅಷ್ಟರೊಳಗೆ ಪ್ರವೇಶ ಆಗಬೇಕು ಎಂದು ಪೂಜೆಗೆ ಬಂದ ಅಯ್ನೋರು ಮೊದಲೇ ಹೇಳಿದ್ದರು. ಉಜ್ಜನಪ್ಪನವರು ಮೈಕಿನಲ್ಲಿ ತಂದೆಯವರನ್ನು ನೆನೆದರು, ಕಾರ್ಖಾನೆಯನ್ನು ನೆನೆದರು, ತಾಯಿಯವರು ವೇದಿಕೆಯ ಮೇಲಿದ್ದಾರೆ ಎಂದು ಕೈ ಮುಗಿದರು. ಭಾಷಣ ಉದ್ದವಾಯಿತು. ಕೊನೆಗೆ, "ಈ ಬಾಗ್ಲು ನಮ್ಮ ಸುಮನಾ ಮೇಡಂಗೋಸ್ಕರ ಕಟ್ಟಿಸಿದ್ದು. ಅವರೇ ಮೊದ್ಲು ಒಳಗೆ ಹೋಗ್ತಾರೆ, ಅವರ ಹಿಂದೆ ನಾವೆಲ್ಲ!" ಎಂದರು. ಚಪ್ಪಾಳೆ ಬಿತ್ತು.

ನಾನು ಚಕ್ರ ತಳ್ಳಿಕೊಂಡು ಏರಿದೆ. ಹೊಸಿಲಿನ ಮುಂದೆ ನಿಲ್ಲಿಸಿ ಬ್ರೇಕ್ ಹಾಕಿದೆ. ಹೆಗಲ ಮೇಲೆ ಶಾಲು ಹೊದ್ದ ನಾಲ್ವರು ಮಂಡಳಿಯವರು ತೋಳು ಮಡಚುತ್ತಾ ಮುಂದೆ ಬಂದರು. ಕ್ಯಾಮರಾದವನು ಮೊಣಕಾಲೂರಿದ.

"ನನ್ನ ಯಾರೂ ಮುಟ್ಬಾರ್ದು," ಎಂದೆ.

ದನಿ ಜೋರಾಗಿತ್ತು. ಕ್ಲಾಸಿನ ದನಿ. ನಾಲ್ವರೂ ಶಾಲೆಯ ಹುಡುಗರ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡರು.

"ಹಠ ಬೇಡ ಮೇಡಂ, ಟೈಮಾಗ್ತಾ ಇದೆ," ಉಜ್ಜನಪ್ಪ ಬಗ್ಗಿ ಪಿಸುಗುಟ್ಟಿದರು.

"ಬಾಗ್ಲು ನಂಗೆ ಅಂತ ಮೈಕಲ್ಲಿ ಹೇಳಿದ್ರಲ್ಲ ಸರ್? ನಂಗೆ ಕಟ್ಸಿದ ಬಾಗ್ಲಲ್ಲಿ ನಾನು ಹೋಗೋ ಹಾಗಿರ್ಬೇಕು."

"ಹಂಗಾದ್ರೆ ನೀವು ಹಿಂದಿನ್ ಗೇಟಿಂದ..."

"ಹಿಂದಿನ ಗೇಟು ಮುಗೀತು ಸರ್. ಅಲ್ಲಿಂದ ನಾನು ಇನ್ನೊಂದು ದಿನವೂ ಬರಲ್ಲ. ಇಲ್ಲಿಂದ ಒಳಗೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲೇ ಕೂತಿರ್ತೀನಿ."

ಬಾಗಿಲು ಎಷ್ಟಗಲವೋ ನಾನೂ ನನ್ನ ಕುರ್ಚಿಯೂ ಹೆಚ್ಚುಕಡಿಮೆ ಅಷ್ಟಗಲ ಅಡ್ಡ ನಿಂತಿದ್ದೆವು. ನನ್ನನ್ನು ದಾಟಿ ಒಳಗೆ ಹೋಗುವ ಹಾಗಿಲ್ಲ, ಮೊದಲು ಹೋಗುವವಳು ನಾನು ಎಂದು ಮುನ್ನೂರು ಮಕ್ಕಳ ಮುಂದೆ ಸಾರಿಯಾಗಿದೆ. ಅಯ್ನೋರು ಗಡಿಯಾರ ನೋಡಿದರು, ಉಜ್ಜನಪ್ಪ ಅಯ್ನೋರನ್ನು ನೋಡಿದರು. ಒಬ್ಬರು ಸಮಾಧಾನ ಹೇಳಿದರು, ಒಬ್ಬರು ಮೂಗು ಮುರಿದರು. ಶಿವರಾಜ್ ದೂರದಲ್ಲಿ ನಿಂತು ಶರ್ಟಿನ ತೋಳು ಸರಿಮಾಡಿಕೊಳ್ಳುತ್ತಿದ್ದರು. ನನಗೆ ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಈ ಕೆಲಸ ಕೈತಪ್ಪಿದರೆ ನಿವೃತ್ತಿಯವರೆಗೂ ಕೆಳಗಿನ ಡಬ್ಬದಲ್ಲೇ ಕೊಳೆಯಬೇಕು, ಮಂಡಳಿಯ ಕಣ್ಣಿನಲ್ಲಿ ಹಠಮಾರಿ ಹೆಂಗಸಾಗಿ ಉಳಿಯಬೇಕು ಎಂದು ಗೊತ್ತಿತ್ತು. ಆದರೂ ಬ್ರೇಕ್ ಮೇಲಿನ ಕೈ ತೆಗೆಯಲಿಲ್ಲ.

ಅಷ್ಟರಲ್ಲಿ ಅಯ್ನೋರು ಗಂಟಲು ಸರಿಮಾಡಿಕೊಂಡು, "ರಾಹುಕಾಲ ಬಂತು. ಇನ್ನು ಹನ್ನೆರಡರ ಮೇಲೇನೇ," ಎಂದುಬಿಟ್ಟರು.

ಉಜ್ಜನಪ್ಪನವರ ಮುಖ ಕೆಂಪಾಯಿತು. "ಕೆಡಿಸ್ಬಿಟ್ರಿ ಮೇಡಂ. ಶಿವರಾಜ್, ಹನ್ನೆರಡಕ್ಕೆ ನೀವೇ ಮೊದ್ಲು ಹೋಗಿ. ಚಾರ್ಜೂ ನೀವೇ ತಗೊಳ್ಳಿ," ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಶಾಮಿಯಾನದ ಕಡೆ ಹೊರಟರು. ಜನವೆಲ್ಲ ಉಪ್ಪಿಟ್ಟು, ಕೇಸರಿಬಾತಿನ ಕಡೆ ಸರಿಯಿತು.

ಬಾಗಿಲ ಹತ್ತಿರ ನಾನು, ಶರಣ್ಯಾ, ಕರಿಯಣ್ಣ ಉಳಿದೆವು. ಹನ್ನೆರಡರವರೆಗೆ ಈ ಕಡೆ ಯಾರೂ ಸುಳಿಯುವುದಿಲ್ಲ ಎಂಬುದು ನನಗೆ ಆಗ ಹೊಳೆಯಿತು. ಜನ ಹೆದರುವ ಹೊತ್ತು ಪೂರ್ತಿ ನನ್ನದೇ.

"ಕರಿಯಣ್ಣ, ಗರಗಸ ಎಲ್ಲಿದೆ?"

ಅವನು ನನ್ನ ಮುಖ ನೋಡಿ ಗಾಬರಿಯಾದ. "ಬ್ಯಾಡ ಕಣಮ್ಮ. ಪೂಜೆ ಆಗೈತೆ. ನಾನು ಕೈ ಹಾಕಾಕಿಲ್ಲ."

"ನೀನು ಹಾಕ್ಬೇಡ. ಗರಗಸ ಕೊಡು."

ಅವನು ಚೀಲದಿಂದ ಗರಗಸ ತೆಗೆದು ನನ್ನ ತೊಡೆಯ ಮೇಲಿಟ್ಟು ಆ ಕಡೆ ತಿರುಗಿ ನಿಂತ. ನಾನು ಕುರ್ಚಿಯಿಂದ ಕೆಳಕ್ಕೆ ಜಾರಿದೆ. ನನ್ನ ಕಾಲು ಕೆಲಸ ಮಾಡುವುದಿಲ್ಲ, ಆದರೆ ಇಷ್ಟು ವರ್ಷ ಚಕ್ರ ತಳ್ಳಿದ ತೋಳುಗಳಿವೆ. ಕೈಯೂರಿ, ಕಾಲುಗಳನ್ನು ಎತ್ತಿ ಪಕ್ಕಕ್ಕಿಟ್ಟುಕೊಂಡು, ಹೊಸಿಲಿನ ಎಡತುದಿಯಲ್ಲಿ ಗರಗಸದ ಹಲ್ಲು ಊರಿದೆ. ಬಿಸಿಯೂಟ ಮಾಡುವ ತಮಿಳಿನವಳು ಉಪ್ಪಿಟ್ಟಿನ ಸೌಟು ಹಿಡಿದುಕೊಂಡೇ ಓಡಿಬಂದಳು. "ಅಯ್ಯಯ್ಯೋ, ಎನ್ನಮ್ಮಾ ಇದು!" ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಅಡುಗೆಮನೆಗೆ ಹೋಗಿ ಒಂದು ಖಾಲಿ ಗೋಣಿಚೀಲ ತಂದು ಹಾಸಿದಳು. "ಇದ್ರ ಮೇಲೆ ಕುಂತ್ಕಳಿ ಟೀಚರಮ್ಮಾ, ರೇಸ್ಮೆ ಸೀರೆ ಕೆಡ್ತದೆ."

ತೇಗ ಗಟ್ಟಿ. ಮೊದಲಿಗೆ ಗರಗಸ ಜಾರಿ ಬೆರಳಿಗೆ ತಾಗಿತು. ಶರಣ್ಯಾ ಎದುರಿಗೆ ಕೂತು ಮರವನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದಳು, ಅವಳ ಬಿಳಿ ಚೂಡಿದಾರದ ತುಂಬ ಅರಿಸಿನ. ಅರಿಸಿನದ ಹೊಟ್ಟು ಉದುರತೊಡಗಿತು. ಸದ್ದು ಕೇಳಿ ಮಕ್ಕಳ ಸಾಲು ಚದುರಿ ನಮ್ಮ ಸುತ್ತ ಗುಂಪಾಯಿತು. ಶಾಮಿಯಾನದಲ್ಲಿ ಯಾರೋ ಕೂಗಿದರು, ಯಾರೋ ಎದ್ದರು, ಆದರೆ ರಾಹುಕಾಲದಲ್ಲಿ ಬಾಗಿಲ ಹತ್ತಿರ ಬಂದು ಜಗಳ ಆಡುವ ಧೈರ್ಯ ಯಾರಿಗೂ ಬರಲಿಲ್ಲ. ಒಂದು ಕಡೆ ಕಡಿದು ಬೇರೆಯಾಗುವ ಹೊತ್ತಿಗೆ ನನ್ನ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ತಲೆ ಎತ್ತಿದರೆ ಎದುರಿಗೆ ಕಲ್ಲಮ್ಮನವರು, ಕೋಲೂರಿಕೊಂಡು. ಎಂಬತ್ತು ದಾಟಿದ ಹೆಂಗಸು, ಹಣೆಯ ತುಂಬ ವಿಭೂತಿ. ಈ ಹೊಸಿಲಿಗೆ ಅರಿಸಿನ ಹಚ್ಚಿದ ಕೈ ಅವರದೇ.

"ಏನೇ ಇದು? ಬುದ್ಧಿ ಐತೇನೇ ನಿಂಗೆ? ಓದಿದೋಳು ನೀನು! ಪೂಜೆ ಇರೋ ಹೊಸ್ಲಿಗೆ ಯಾರಾದ್ರೂ ಹಂಗೇ ಗರಗಸ ಹಾಕ್ತಾರಾ?"

"ಹಾಕಿಯಾಯ್ತು ಅಮ್ಮಾ. ಇನ್ನೊಂದು ಕಡೆನೂ ಹಾಕ್ತೀನಿ," ಎಂದೆ. ಬೈಗುಳಕ್ಕೆ ಸಿದ್ಧಳಾಗಿಯೇ ಇದ್ದೆ.

"ಹಾಕು, ಬೇಡ ಅಂದೋರ್ಯಾರು? ಮೊದ್ಲು ಕದಲಿಸ್ಬಾರ್ದಾ!"

ಪೂಜೆ ಮುಗಿದ ಮೇಲೆ ಕಳಶವನ್ನೋ ಗಣಪತಿಯನ್ನೋ ಇದ್ದ ಜಾಗದಿಂದ ಒಂದಿಷ್ಟು ಸರಿಸುತ್ತಾರಲ್ಲ, ಅದೇ ಕದಲಿಸುವುದು. ಕದಲಿಸಿದ ಮೇಲೆ ಅದು ದೇವರಲ್ಲ, ಬರೀ ತಾಮ್ರ, ಬರೀ ಮಣ್ಣು. ಹೊಸಿಲನ್ನು ಯಾರೂ ಕದಲಿಸುವುದಿಲ್ಲ, ಗೋಡೆಗೆ ಕಚ್ಚಿಕೊಂಡು ನಿಂತದ್ದು ಕದಲುವುದಾದರೂ ಹೇಗೆ? ಆದರೆ ಈಗ ಒಂದು ಕಡೆ ಬಿಟ್ಟುಕೊಂಡಿತ್ತು. ಕಲ್ಲಮ್ಮ ಕಷ್ಟಪಟ್ಟು ಬಗ್ಗಿ, ಅದರ ಮೇಲೆ ಒಂದು ಹೂವಿಟ್ಟು, ಕೊಯ್ದ ತುದಿಯನ್ನು ಹಿಡಿದು ಅಲ್ಲಾಡಿಸಿದರು. ಹೊಸಿಲು ಒಂದು ಕೂದಲೆಳೆಯಷ್ಟು ಅಲುಗಿತು.

"ಕದಲ್ತು. ಈಗ ಬರೀ ಮರ. ಕೊಯ್ಕೋ," ಎಂದು ಸೊಂಟ ಹಿಡಿದುಕೊಂಡು ನೆಟ್ಟಗಾದರು. ಬೆನ್ನು ಹಾಕಿ ನಿಂತಿದ್ದ ಕರಿಯಣ್ಣ ಈ ಕಡೆ ತಿರುಗಿ ಕೈ ಚಾಚಿದ. ನಾನು ಗರಗಸ ಕೊಡಲಿಲ್ಲ. ಇನ್ನೊಂದು ಕಡೆಯನ್ನೂ ನಾನೇ ಕೊಯ್ದೆ. ಬಿಡಿಯಾದ ಹೊಸಿಲನ್ನು ಅವನು ಎತ್ತಿ ಪಕ್ಕಕ್ಕಿಟ್ಟ.

ನೆಲದಿಂದ ಕುರ್ಚಿಗೆ ಹತ್ತುವುದು ನೋಡಲು ಚಂದದ ಕೆಲಸವಲ್ಲ. ಮೊಣಕೈ ಊರಬೇಕು, ಮೈ ಎಳೆಯಬೇಕು, ನಡುವೆ ಒಮ್ಮೆ ಜಾರಿಬಿದ್ದೆ. ನೋಡುವವರೆಲ್ಲ ನೋಡಿದರು. ಯಾರೂ ಎತ್ತಲು ಬರಲಿಲ್ಲ, ಅಷ್ಟು ಹೊತ್ತಿಗೆ ಎಲ್ಲರಿಗೂ ಅರ್ಥವಾಗಿತ್ತು. ಕೂತು, ಹೊಟ್ಟು ಝಾಡಿಸಿ, ಬ್ರೇಕ್ ಬಿಟ್ಟು ಚಕ್ರ ತಳ್ಳಿದೆ. ಚಕ್ರ ಬಾಗಿಲನ್ನು ದಾಟಿ ಒಳಗೆ ಹೋಯಿತು. ಮೈಯೊಳಗೆ ಏನೋ ಕುಣಿಯಿತು, ಅದಕ್ಕೆ ಸಂತೋಷ ಎಂದೇ ಹೆಸರು.

ಎಡಕ್ಕೆ ತಿರುಗಿದರೆ ಮುಖ್ಯೋಪಾಧ್ಯಾಯರ ಕೋಣೆ. ಮೇಜಿನ ಹಿಂದೆ ಎತ್ತರದ ಬೆನ್ನಿನ, ಕೆತ್ತನೆಯ ದೊಡ್ಡ ಕುರ್ಚಿ ರಾಜನ ಹಾಗೆ ಕೂತಿತ್ತು. ಪ್ಯೂನು ಓಡಿಬಂದು ಬಟ್ಟೆಯಿಂದ ಅದನ್ನು ಒರೆಸತೊಡಗಿದ. ಅಭ್ಯಾಸ ಬಲ.

"ಒರೆಸ್ಬೇಡ. ಹೊರಗಿಡು. ನನ್ನ ಕುರ್ಚಿ ನಾನೇ ತಂದಿದೀನಿ," ಎಂದೆ. ಮೇಜಿನ ಹಿಂದೆ ಹೋಗಿ ನಿಂತೆ. ಚಾರ್ಜಿನ ಪುಸ್ತಕ ಮೇಜಿನ ಮೇಲೆಯೇ ಇತ್ತು, ಈ ಬಾಗಿಲಿಂದ ಹೋಗಿ ಕೂತರೆ ಕೆಲಸ ನನ್ನದೇ ಎಂದು ಅಧ್ಯಕ್ಷರೇ ಹೇಳಿದ್ದರಲ್ಲ, ಸಹಿ ಹಾಕಿದೆ. ಬೆರಳಿನ ರಕ್ತ ಹಾಳೆಗೆ ಸ್ವಲ್ಪ ತಾಗಿತು, ಇರಲಿ ಎಂದು ಬಿಟ್ಟೆ. ಪ್ಯೂನಿಗೆ ಗಂಟೆ ಹೊಡೆಯಲು ಹೇಳಿದೆ. ಮಕ್ಕಳಿಗೆ ರಾಹುಕಾಲವೂ ಇಲ್ಲ, ಬಲಗಾಲು ಎಡಗಾಲೂ ಇಲ್ಲ. ಹೋ ಎಂದು ನುಗ್ಗಿ ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಓಡಿದವು. ಅವರ ಹಿಂದೆಯೇ ಕಲ್ಲಮ್ಮ, ಕೋಲು ಕುಟ್ಟಿಕೊಂಡು, ಸೊಸೆಯ ಕೈ ಕೊಡವಿ, ಒಬ್ಬರೇ ಒಳಗೆ ಬಂದು ಲೈಬ್ರರಿಯಲ್ಲಿ ಗಂಡನ ಫೋಟೋ ಎಲ್ಲಿ ತೂಗುಹಾಕಿದ್ದಾರೆ ಎಂದು ಹುಡುಕಿಕೊಂಡು ಹೋದರು.

ಸ್ವಲ್ಪ ಹೊತ್ತಿಗೆ ಬಾಗಿಲ ಆಚೆ ಉಜ್ಜನಪ್ಪನವರು ಬಂದು ನಿಂತರು. ಹೊಸಿಲಿದ್ದ ಜಾಗವನ್ನು ನೋಡಿದರು, ಕಾಲಿಡಲಿಲ್ಲ. ಅವರ ಸಿಟ್ಟು ಇಳಿದಿತ್ತೋ, ತಾಯಿ ಒಳಗಿದ್ದಾರೆ ಎಂದು ಸುಮ್ಮನಿದ್ದರೋ ಗೊತ್ತಿಲ್ಲ. ಅಲ್ಲಿಂದಲೇ ನನ್ನ ಕೋಣೆಯ ಕಡೆ ಕತ್ತು ಚಾಚಿ ಕೇಳಿದರು, "ಮೇಡಂ, ಒಳಗೆ ಬರ್ಬೋದಾ?"

"ನಿಮ್ಗಿನ್ನೂ ರಾಹುಕಾಲ ಅಲ್ವಾ ಸರ್. ಮುಗೀಲಿ, ಬನ್ನಿ," ಎಂದೆ. "ದೊಡ್ಡ ಕುರ್ಚಿ ಹೊರಗೆ ಹಾಕ್ಸಿದೀನಿ. ಅಲ್ಲೀವರೆಗೂ ಕೂತಿರಿ."